ಪೇಟೆ ನಡುವಿನ ಮನೆ: ಅಟ್ಟ, ಮಾಳಿಗೆ, ವಕಾರ, ಫ್ಲ್ಯಾಟು

ನಮ್ಮ ಗದಗಿನ ಕಡೆ ಅಟ್ಟ ಅಂದರೆ ತಾಮ್ರದ ಹಂಡೆ, ಮುರಿದ ತೊಟ್ಟಿಲು, ವರ್ಷದ ಹಪ್ಪಳ ಸಂಡಿಗೆಯ ಡಬ್ಬಿ ಇಡುವ ಜಾಗ. ಅಲ್ಲಿ ಯಾರಾದರೂ ಸಂಸಾರ ಹೂಡಿದ್ದಾರೆ ಅಂದರೆ ಓಣಿಯವರೆಲ್ಲ "ಅಯ್ಯ ಪಾಪ" ಅಂದಾರು. ಅದೇ ನ್ಯೂಯಾರ್ಕಿನಲ್ಲಿ ಅದಕ್ಕೆ ಲಾಫ್ಟ್ ಅಂತ ಹೆಸರಿಟ್ಟು, ಊರ ನಟ್ಟನಡುವೆ ಇದೆ ಅನ್ನುವ ಒಂದೇ ಕಾರಣಕ್ಕೆ ಕೋಟಿಗಟ್ಟಲೆ ಸುರಿದು ಕೊಳ್ಳುತ್ತಾರೆ :) ಊರ ನಡುವೆ, ಮಹಡಿ ಮೇಲೆ, ಹತ್ತು ಜನರ ಜೊತೆ ಗೋಡೆ ಹಂಚಿಕೊಂಡು ಬದುಕುವುದು ಒಳ್ಳೆಯದೋ ಕೆಟ್ಟದ್ದೋ? ಇದು ಬೆಂಗಳೂರಿನ ಅಪಾರ್ಟ್‌ಮೆಂಟಿನವರ ಪ್ರಶ್ನೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಪೇಟೆಗಳಲ್ಲಿ ಈ ಪ್ರಶ್ನೆ ಬಹಳ ಹಳೆಯದು. ಎಷ್ಟು ಹಳೆಯದು ಅಂದರೆ ಕಲ್ಲಿನ ಮೇಲೆ ಕೆತ್ತಿ ಇಟ್ಟಷ್ಟು.

ಈ ವಿಚಾರ ತಲೆಯಲ್ಲಿ ಕೊರೆಯೋದಕ್ಕೆ ಕಾರಣವೂ ಇದೆ. ಗದಗಿನ ಪೇಟೆಯಲ್ಲಿ ನಮ್ಮದೊಂದು ಹಳೇ ಮನೆ ಇದೆ. ಕೆಳಗೆ ಅಂಗಡಿ, ಮೇಲೆ ಮನೆ. ಅಜ್ಜ ಹೋದ ಮೇಲೆ ನಾಲ್ಕು ಹೆಸರಿಗಿತ್ತು, ಈಗ ಉತಾರದಲ್ಲಿ ಹನ್ನೊಂದು ಹೆಸರು. ಅದರಲ್ಲಿ ವಾಸ ಇರುವವರು ಇಬ್ಬರೇ, ಅವ್ವ ಮತ್ತು ದೊಡ್ಡವ್ವ. ಒಬ್ಬ ಬಿಲ್ಡರ್ ಬಂದು, "ಕೆಡವಿ ಕಟ್ಟೋಣ, ನಿಮಗೆಲ್ಲ ಒಂದೊಂದು ಫ್ಲ್ಯಾಟು" ಅಂದಿದ್ದಾರೆ. ಕಾಕಾ ಹೂಂ ಅಂತಾರೆ, ಅತ್ತಿ ಊಹೂಂ ಅಂತಾಳೆ. ನನ್ನ ಕಡೆ ಎಲ್ಲರೂ ನೋಡ್ತಾರೆ, "ನೀ ಓದಿದಾಂವ, ಹೇಳು" ಅಂತ. ಹೇಳೋದಕ್ಕೆ ಮುಂಚೆ ಇತಿಹಾಸ ಸ್ವಲ್ಪ ನೋಡೋಣ ಅಂತ ಕೂತೆ. ಸಿಕ್ಕಿದ್ದನ್ನ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಲಕ್ಷ್ಮೇಶ್ವರ. ಹಳೆಯ ಹೆಸರು ಪುಲಿಗೆರೆ, ಪೊರಿಗೆರೆ. ಸೋಮೇಶ್ವರ ಗುಡಿಗೆ ಹೋಗದವರು ಯಾರಿದ್ದೀರಿ? ಸುಮಾರು ಕ್ರಿ.ಶ. 725ರಲ್ಲಿ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ (ಮುಂದೆ ಎರಡನೇ ವಿಕ್ರಮಾದಿತ್ಯನಾದವನು) ಈ ಊರಿನ ಮಹಾಜನರಿಗೆ, ನಗರಕ್ಕೆ, ಹದಿನೆಂಟು ಪ್ರಕೃತಿಗಳಿಗೆ ಒಂದು ಆಚಾರವ್ಯವಸ್ಥೆ ಹಾಕಿಕೊಟ್ಟ ಶಾಸನ ಇದೆ. ಯುದ್ಧ ಗೆದ್ದಿದ್ದು, ಆನೆ ಹಿಡಿದಿದ್ದು ಇದರ ವಿಷಯವೇ ಅಲ್ಲ. ಊರಲ್ಲಿ ಬದುಕೋದು ಹೇಗೆ ಅನ್ನುವ ಕಟ್ಟಳೆ! ಮನೆಗಳು ತಮ್ಮ ತಮ್ಮ ಅಂತಸ್ತಿಗೆ ತಕ್ಕ ಹಾಗೆ ವರ್ಷಕ್ಕೆ ಇಷ್ಟು ಅಂತ ತೆರಿಗೆ ಕೊಡಬೇಕು. ಕಾರ್ತಿಕ ಮಾಸದಲ್ಲಿ ಶ್ರೇಣಿಗೆ ಕೊಡಬೇಕಾದ ಹಣದ ಮಾತಿದೆ, ಕಂಚುಗಾರರ ಶ್ರೇಣಿಯ ಹೆಸರಿದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು: ಯಾರೂ ವಾಸವಿಲ್ಲದ ಮನೆಗಳನ್ನು ರಾಜಪುರುಷರು ಕಾಯಬೇಕು ಅನ್ನುವ ಮಾತು.

ಸ್ವಲ್ಪ ಯೋಚನೆ ಮಾಡಿ. ಇವತ್ತಿನ ಅಪಾರ್ಟ್‌ಮೆಂಟಿನ ಸಂಘ ಏನು ಮಾಡುತ್ತೆ? ಮೇಂಟೆನೆನ್ಸ್ ವಸೂಲಿ, ಅದೂ ದೊಡ್ಡ ಮನೆಗೆ ಹೆಚ್ಚು, ಸಣ್ಣದಕ್ಕೆ ಕಡಿಮೆ. ಬೀಗ ಹಾಕಿದ ಮನೆ ಮೇಲೆ ಕಣ್ಣು. ನಮ್ಮೂರ ಕಡೆಯವರಿಗೆ ಇದು 1300 ವರ್ಷದಿಂದ ಗೊತ್ತಿತ್ತು. ಒತ್ತೊತ್ತಾಗಿ ಬದುಕಬೇಕು ಅಂದರೆ ಗೋಡೆಗಿಂತ ಮೊದಲು ಕಟ್ಟಳೆ ಬೇಕು.

ಇನ್ನು ಹಾಗೆ ಒತ್ತೊತ್ತಾಗಿ ಬದುಕಿದವರು ಯಾರು? ವ್ಯಾಪಾರಿಗಳು ಮತ್ತು ಕಸುಬಿನವರು. ಮುಂಡರಗಿ ತಾಲೂಕಿನ ಡಂಬಳದಲ್ಲಿ 1095ರ ಶಾಸನವೊಂದು ಹದಿನಾರು ಜನ ಸೆಟ್ಟಿಗಳು ಸೇರಿ ಬೌದ್ಧ ವಿಹಾರ ಕಟ್ಟಿಸಿದ್ದನ್ನು ಹೇಳುತ್ತದೆ. ಹದಿನಾರು ಜನ ಒಟ್ಟಿಗೆ ದುಡ್ಡು ಹಾಕಬೇಕಾದರೆ ಅವರೆಲ್ಲ ಒಬ್ಬರ ಮುಖ ಒಬ್ಬರು ದಿನಾ ನೋಡುವಂಥ ಪೇಟೆ ಇದ್ದಿರಲೇಬೇಕು.

ಬೆಟಗೇರಿಗೆ ಬನ್ನಿ. ನೇಕಾರರ ಮನೆಯಲ್ಲಿ ಹೊಸ್ತಿಲು ದಾಟಿದರೆ ಮಗ್ಗದ ಕುಣಿ. ಗಂಡಸರು ಕುಣಿಯಲ್ಲಿ ಕಾಲಿಟ್ಟು ನೇಯುತ್ತಿದ್ದರೆ ಹೆಂಗಸರು ಪಕ್ಕದಲ್ಲೇ ಕಂಡಿಕೆ ಸುತ್ತುವುದು, ಒಳಗೆ ಅಡಿಗೆ, ಅದೇ ಪಡಸಾಲೆಯಲ್ಲಿ ಮಕ್ಕಳ ಓದು. ಮನೆ ಮತ್ತು ಕಾರ್ಖಾನೆ ಬೇರೆ ಬೇರೆ ಅನ್ನುವ ಕಲ್ಪನೆಯೇ ಇಲ್ಲ. ಇದರ ಲಾಭ: ಕೆಲಸಕ್ಕೆ ಹೋಗುವ ದಾರಿ ಎರಡು ಹೆಜ್ಜೆ, ಮನೆಮಂದಿಯೆಲ್ಲ ದುಡಿಮೆಯಲ್ಲಿ ಪಾಲುದಾರರು. ನಷ್ಟ: ದುಡಿಮೆಗೆ ರಜೆಯೇ ಇಲ್ಲ, ನೂಲಿನ ಧೂಳು ಅನ್ನದ ತಟ್ಟೆಗೆ. ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದ ಮೇಲಂತೂ ಇಡೀ ಓಣಿಗೇ ಖಟಾಖಟ್ ಸದ್ದು.

ಪೇಟೆಯ ಮನೆಗಳದ್ದು ಇನ್ನೊಂದು ಬಗೆ. ಬೀದಿಗೆ ಅಂಗಡಿ, ಹಿಂದೆ ಕಾಳಿನ ಚೀಲ, ಮೇಲೆ ಸಂಸಾರ. ಪಕ್ಕದವರ ಗೋಡೆಯೇ ನಮ್ಮ ಗೋಡೆ. ಬೀದಿ ಕಡೆ ಬಿಟ್ಟರೆ ಕಿಟಕಿ ಇಡೋದಕ್ಕೆ ಜಾಗ ಇಲ್ಲ, ಹಾಗಾಗಿ ಬೆಳಕು ಬರೋದು ತಲೆ ಮೇಲಿನ ಬೆಳಕಿಂಡಿಯಿಂದ. ತೊಲೆ, ಜಂತೆ, ಅದರ ಮೇಲೆ ದಪ್ಪನೆಯ ಮಣ್ಣಿನ ಮಾಳಿಗೆ. ಏಪ್ರಿಲ್ ತಿಂಗಳ ಗದಗಿನ ಬಿಸಿಲಿಗೆ ಇಂಥ ಮನೆ ಎಷ್ಟು ತಂಪು ಅಂತ ಒಳಗೆ ಮಲಗಿದವರಿಗೇ ಗೊತ್ತು. ಆದರೆ ಪ್ರತಿ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿಸಬೇಕು. ಒಂದು ವರ್ಷ ಬಿಟ್ಟರೆ ಸೋರುತ್ತೆ, ನಾಲ್ಕು ವರ್ಷ ಬಿಟ್ಟರೆ ಜಂತೆ ಕೊಳೆಯುತ್ತೆ. ಗೋಡೆ ಒಂದೇ ಆದ್ದರಿಂದ ನಮ್ಮ ಮಾಳಿಗೆ ಸೋರಿದರೆ ಪಕ್ಕದವರ ಮನೆಗೂ ನೀರು.

ಈ ಪೇಟೆಗೆ ದುಡ್ಡು ಬಂದಿದ್ದು ಹತ್ತಿಯಿಂದ. ರೈಲು ಬರುವ ಮುಂಚೆ ಧಾರವಾಡ ಸೀಮೆಯ ಹತ್ತಿ ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಬೆಳೆದದ್ದು ನಮ್ಮ ಎರೆ ಹೊಲದಲ್ಲಿ, ಮಾರುಕಟ್ಟೆಯಲ್ಲಿ ಹೆಸರು ಮಾತ್ರ 'ಕುಮಟಾ ಹತ್ತಿ'! 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರೋದು ನಿಂತಾಗ ನಮ್ಮ ಕಡೆ ಬೆಲೆ ಗಗನಕ್ಕೇರಿತು. ಗದಗಿನಲ್ಲಿ 1859ರಲ್ಲೇ ಪುರಸಭೆ ಆಗಿತ್ತು, ಬೆಟಗೇರಿಯನ್ನೂ ಸೇರಿಸಿಕೊಂಡು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದು ಹುಬ್ಬಳ್ಳಿ, ಬಳ್ಳಾರಿ ಮತ್ತು ಹೊಟಗಿ ಕಡೆಯ ದಾರಿಗಳು ಗದಗಿನಲ್ಲಿ ಕೂಡಿದವು. 1901ರ ಜನಗಣತಿಗೆ ಊರು ಮೂವತ್ತು ಸಾವಿರ ದಾಟಿತ್ತು. ರೈಲು ಆಗ ಮುಂಡರಗಿಗೆ ಹೋಗಲಿಲ್ಲ. ಸಾಂಗಲಿ ಸಂಸ್ಥಾನದಲ್ಲಿದ್ದ ಶಿರಹಟ್ಟಿಗೂ, ಮಿರಜ ಸಂಸ್ಥಾನದಲ್ಲಿದ್ದ ಲಕ್ಷ್ಮೇಶ್ವರಕ್ಕೂ ಹೋಗಲಿಲ್ಲ. ಈ ಊರುಗಳ ಪೇಟೆ ಗದಗಿನಷ್ಟು ಉಬ್ಬದೆ ಮಠ, ಗುಡಿ, ಸಂತೆಯ ಸುತ್ತಲೇ ಉಳಿಯಲು ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಹತ್ತಿ ಇಡೋದಕ್ಕೆ ಗದಗಿನಲ್ಲಿ ವಕಾರಗಳಾದವು. ಪುರಸಭೆಯ ಜಾಗ, ವರ್ತಕರಿಗೆ ಲೀಸು. ಊರ ಹೃದಯದಲ್ಲೇ ಸುಮಾರು 34 ಎಕರೆ ವಕಾರಸಾಲು. ಹತ್ತಿ ವ್ಯಾಪಾರ ಇಳಿಯಿತು, ಲೀಸು ಮುಗಿಯಿತು, ಕೋರ್ಟು ಕಚೇರಿ ಆಯಿತು, 2010ರ ದಶಕದ ಕೊನೆಯ ಹೊತ್ತಿಗೆ ನಗರಸಭೆ ತೆರವು ಮಾಡಿಸಿತು.

ಈಗ ನ್ಯೂಯಾರ್ಕಿನ ಕಥೆ ಕೇಳಿ, ಮಜಾ ಇದೆ. ಅಲ್ಲಿಯ ಸೋಹೋ ಅನ್ನುವ ಭಾಗದ ಕಟ್ಟಡಗಳೂ ಬಟ್ಟೆಯ ಗೋದಾಮು, ಸಣ್ಣ ಕಾರ್ಖಾನೆಗಳೇ. ಉದ್ಯಮ ಬೇರೆ ಕಡೆ ಹೋಗಿ ಖಾಲಿ ಬಿದ್ದ ಮಹಡಿಗಳಿಗೆ 1960ರ ದಶಕದಲ್ಲಿ ಬಡ ಕಲಾವಿದರು ಸೇರಿಕೊಂಡರು. ಬಾಡಿಗೆ ಕಡಿಮೆ, ದೊಡ್ಡ ಕಿಟಕಿ, ಎತ್ತರದ ಸೂರು. ಕಾನೂನು ಪ್ರಕಾರ ಅಲ್ಲಿ ವಾಸ ಮಾಡುವ ಹಾಗಿರಲಿಲ್ಲ. 1971ರಲ್ಲಿ ಕಲಾವಿದರಿಗೆ ಅನುಮತಿ ಸಿಕ್ಕಿತು, 1982ರಲ್ಲಿ ಲಾಫ್ಟ್ ಕಾನೂನೇ ಬಂತು. ಆಮೇಲೆ? ಬಾಡಿಗೆ ಏರಿ ಆ ಕಲಾವಿದರಲ್ಲಿ ಬಹಳ ಜನ ಅಲ್ಲಿಂದ ಎದ್ದು ಹೋಗಬೇಕಾಯಿತು. ಅದೇ ಹತ್ತಿ, ಬಟ್ಟೆಯ ವ್ಯಾಪಾರ, ಅದೇ ಗೋದಾಮು. ಅಲ್ಲಿ ಮನೆಯಾಯಿತು, ಇಲ್ಲಿ ಬಯಲಾಯಿತು. ಯಾವುದು ಸರಿ ಅಂತ ನಾನು ತೀರ್ಪು ಕೊಡಲಾರೆ. ಸಾರ್ವಜನಿಕರ ಜಾಗ ಸಾರ್ವಜನಿಕರಿಗೆ ಮರಳೋದೂ ನ್ಯಾಯವೇ ತಾನೆ.

ಪೇಟೆಯ ಬದುಕಿಗೆ ದೊಡ್ಡ ಹೊಡೆತ ಕೊಟ್ಟಿದ್ದು ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಶುರುವಾಗಿ 1897-98ರ ಹೊತ್ತಿಗೆ ನಮ್ಮ ಸೀಮೆಗೂ ಬಂತು. ಕೆಳಗೆ ಕಾಳಿನ ಚೀಲ, ಮೇಲೆ ಮನುಷ್ಯರು, ಬೆಳಕಿಲ್ಲದ ನಡುಮನೆ: ಇಲಿಗೆ ಇದಕ್ಕಿಂತ ಸ್ವರ್ಗ ಉಂಟೇ? ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದರು. ಹಾಫ್ಕಿನ್ 1897ರಲ್ಲಿ ಮುಂಬಯಿಯಲ್ಲಿ ತಯಾರಿಸಿದ ಪ್ಲೇಗಿನ ಲಸಿಕೆಯನ್ನು ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಚುಚ್ಚಲಾಯಿತು. ಬೆಂಗಳೂರಿನಲ್ಲಿ ಪ್ಲೇಗಿನ ಕಾಲಕ್ಕೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಸುತ್ತ ಗಾಳಿ, ಮುಂದೆ ಅಂಗಳ, ಹಿಂದೆ ಹಿತ್ತಲು ಇರುವುದೇ ಒಳ್ಳೆಯ ಮನೆ ಅನ್ನುವ ಭಾವನೆ ನಮ್ಮಲ್ಲಿ ಬಲವಾಗಿ ಬೇರು ಬಿಟ್ಟಿದ್ದು ಆ ಭಯದಿಂದ. ಗದಗಿನಲ್ಲೂ ಕಾಲಾಂತರದಲ್ಲಿ ಉಳ್ಳವರು ಪೇಟೆ ಬಿಟ್ಟು ಮುಳಗುಂದ ನಾಕಾದ ಆಚೆ, ಹುಡ್ಕೋ ಕಾಲೊನಿ ಅಂತ ಹೊರಗೆ ಹೋದರು. ಟಾಂಗಾಕೂಟದ ಸುತ್ತ ಕೆಳಗೆ ಅಂಗಡಿ ಉಳಿಯಿತು, ಎಷ್ಟೋ ಕಡೆ ಮೇಲೆ ಬೀಗ ಬಿತ್ತು.

ಆದರೆ ಪ್ಲೇಗು ಕಂಡ ಅದೇ ಮುಂಬಯಿಯಲ್ಲಿ ಇನ್ನೊಂದು ಉತ್ತರವೂ ಹುಟ್ಟಿತು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತರು (ಕೆನರಾ ಜಿಲ್ಲೆಗಳಿಂದ ಹೋದವರು) ಎಸ್.ಎಸ್. ತಲ್ಮಕಿಯವರ ಮುಂದಾಳತ್ವದಲ್ಲಿ ಗೃಹ ಸಹಕಾರ ಸಂಘ ಕಟ್ಟಿ ಮಹಡಿ ಮನೆಗಳನ್ನು ಎಬ್ಬಿಸಿದರು. ಏಷ್ಯಾದಲ್ಲೇ ಮೊದಲನೆಯದು ಅನ್ನುತ್ತಾರೆ. ಸಹಕಾರ ಅಂದ ಕೂಡಲೇ ನಾವು ಗದಗಿನವರು ಕಾಲರ್ ಎತ್ತಬಹುದು :) 1905ರಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಆಗಿದ್ದು ನಮ್ಮ ಕಣಗಿನಹಾಳದಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರಿಂದ. ಮುಂದೆ 1963ರಲ್ಲಿ ಮಹಾರಾಷ್ಟ್ರ ಫ್ಲ್ಯಾಟುಗಳ ಕಾಯ್ದೆ ತಂದಿತು, ನಮ್ಮಲ್ಲಿ 1972ರ ಎರಡು ಕಾಯ್ದೆಗಳು ಬಂದವು. ಅಮೆರಿಕದಲ್ಲೂ ಕಾಂಡೋ ಕಾನೂನು ಬಂದಿದ್ದು 1960ರ ಆಸುಪಾಸಿನಲ್ಲೇ. ಎಲ್ಲದರ ತಿರುಳು ಒಂದೇ: ಮನೆ ನಿನ್ನದು, ನೆಲ, ಮೆಟ್ಟಿಲು, ಸೂರು ಎಲ್ಲರದು, ಅದನ್ನು ಪಾಲು ಮಾಡುವ ಹಾಗಿಲ್ಲ, ಖರ್ಚು ಮಾತ್ರ ಪಾಲು.

ಈಗ ಲೆಕ್ಕ ಹಾಕೋಣ. ಪೇಟೆ ನಡುವಿನ ಫ್ಲ್ಯಾಟಿನ ಲಾಭ: ದವಾಖಾನೆ, ಔಷಧ, ಕಾಯಿಪಲ್ಲೆ, ಬಸ್ಸು, ಗುಡಿ ಎಲ್ಲ ನಡಿಗೆಯಲ್ಲಿ. ಮೊಣಕಾಲು ನೋಯುವ ಅವ್ವನಿಗೆ ಇದು ಸಣ್ಣ ಮಾತಲ್ಲ. ಕೂಗಿದರೆ ಓಗೊಡುವ ನೆರೆ. ಶಿರಹಟ್ಟಿ ಫಕೀರೇಶ್ವರನ ಜಾತ್ರೆಯೋ ಮುಂಡರಗಿ ಅನ್ನದಾನೀಶ್ವರನ ಜಾತ್ರೆಯೋ ಆದರೆ ತೇರು ಮನೆ ಬಾಗಿಲಿಗೇ ಬರುತ್ತೆ (ಇಡೀ ಬಳಗವೂ ಬರುತ್ತೆ, ಅದು ಲಾಭವೋ ನಷ್ಟವೋ ನೀವೇ ಹೇಳಿ). ನಷ್ಟ: ಧೂಳು, ಗದ್ದಲ, ಗಾಡಿ ನಿಲ್ಲಿಸಲು ಜಾಗ ಇಲ್ಲ, ಹಪ್ಪಳ ಒಣಗಿಸಲು ಮಾಳಿಗೆ ನಿನ್ನದಲ್ಲ. ಎಲ್ಲಕ್ಕಿಂತ ದೊಡ್ಡದು ನೀರು. ಗದಗ-ಬೆಟಗೇರಿಯವರಿಗೆ ನೀರಿನ ಕಥೆ ಹೇಳಬೇಕೇ! ತುಂಗಭದ್ರೆಯ ನೀರಿಗೆ ವಾರಗಟ್ಟಲೆ ಕಾದು, ಬಂದ ದಿನ ಕೊಡ, ಬಕೆಟ್ಟು, ಚರಿಗೆ ಸಮೇತ ತುಂಬಿಟ್ಟುಕೊಂಡ ಜನ ನಾವು. ಒಂದು ಸಂಸಾರ ಹೇಗೋ ಸಂಭಾಳಿಸುತ್ತೆ. ಹನ್ನೆರಡು ಫ್ಲ್ಯಾಟಿಗೆ ಒಂದೇ ಸಂಪು ಅಂದರೆ ಟ್ಯಾಂಕರಿನ ಬಿಲ್ಲು ಯಾರು ಎಷ್ಟು ಕೊಡಬೇಕು ಅನ್ನೋದರಲ್ಲೇ ಸಂಬಂಧ ಹಳಸುತ್ತೆ.

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ಇದು. ಹಳೇ ಮನೆ, ಹೊಸ ಫ್ಲ್ಯಾಟು ಅನ್ನೋದು ಎರಡನೇ ಪ್ರಶ್ನೆ. ಹಳೇ ಮನೆ ಬೀಳ್ತಾ ಇರೋದು ಮಣ್ಣಿನದು ಅನ್ನುವ ಕಾರಣಕ್ಕಲ್ಲ, ಹನ್ನೊಂದು ಜನರಲ್ಲಿ ಮಾಳಿಗೆ ಮಣ್ಣಿಗೆ ಯಾರು ದುಡ್ಡು ಕೊಡಬೇಕು ಅಂತ ತೀರ್ಮಾನವಾಗಿಲ್ಲ ಅನ್ನುವ ಕಾರಣಕ್ಕೆ. ಅದೇ ಹನ್ನೊಂದು ಜನ ಫ್ಲ್ಯಾಟಿಗೆ ಹೋದರೆ ಲಿಫ್ಟ್ ರಿಪೇರಿಗೂ ಇದೇ ಜಗಳ, ಇಷ್ಟೇ ವ್ಯತ್ಯಾಸ. ಬಿಲ್ಡರ್ ಕಾಗದಕ್ಕೂ ಹನ್ನೊಂದು ಸಹಿ ಬೇಕು. ಆ ಹನ್ನೊಂದು ಸಹಿ ಒಂದು ಕಡೆ ಬೀಳುವುದಾದರೆ ಮೊದಲು ನಮ್ಮದೇ ಒಂದು ಕಾಗದದ ಮೇಲೆ ಬೀಳಲಿ.

ಹಾಗಾಗಿ ಮನೆಯವರಿಗೆ ನಾನು ಹೇಳಿದ್ದು ಇಷ್ಟೇ. ಅವ್ವ, ದೊಡ್ಡವ್ವ ಇರುವ ತನಕ ಕೆಡವೋದು ಬೇಡ. ಅಂಗಡಿಯ ಬಾಡಿಗೆ ಹಂಚಿಕೊಳ್ಳದೆ ಒಂದು ಖಾತೆಗೆ ಹೋಗಲಿ, ಅದರಿಂದ ಮಾಳಿಗೆ, ತೆರಿಗೆ, ನೀರು. ಕಾರ್ತಿಕದಲ್ಲಿ ಎಲ್ಲರೂ ಒಮ್ಮೆ ಕೂತು ಲೆಕ್ಕ ನೋಡೋದು. ಇದನ್ನು ಮೂರು ವರ್ಷ ಜಗಳ ಇಲ್ಲದೆ ನಡೆಸಿದರೆ ನಾವು ಫ್ಲ್ಯಾಟಿನಲ್ಲೂ ಬದುಕಬಲ್ಲೆವು ಅಂತ ಲೆಕ್ಕ. ನಡೆಸಲಾಗದಿದ್ದರೆ ಮಾರಿ ದುಡ್ಡು ಹಂಚಿಕೊಳ್ಳೋದೇ ವಾಸಿ. ಕಾಕಾ ಇನ್ನೂ ಹೂಂ ಅಂದಿಲ್ಲ, ಆದರೆ ಬಿಲ್ಡರಿಗೆ "ಸ್ವಲ್ಪ ತಡೀರಿ" ಅಂದಿದ್ದಾರೆ.

ನಿಮ್ಮ ಊರ ಪೇಟೆಯಲ್ಲೂ ಇಂಥ ಬೀಗ ಬಿದ್ದ ಮಹಡಿಗಳು ಇದ್ದೇ ಇರುತ್ತವೆ. ಅವನ್ನು ಯಾರು ಕಾಯ್ತಾ ಇದ್ದಾರೆ? ಗೊತ್ತಿದ್ದರೆ ಬರೀರಿ.