ತೇನಿಯ ಗೋಪುರಗಳು: ತನ್ನನ್ನು ತಾನೇ ನೋಡಿಕೊಳ್ಳಲು ಕಲಿತ ಒಂದು ಜಾಲ



ಈಗ ಎಲ್ಲಿ ನೋಡಿದರೂ 5ಜಿಯದ್ದೇ ಮಾತು. ಇನ್ನು ಮುಂದೆ ಮೊಬೈಲ್ ಜಾಲವೇ ತನ್ನ ತಪ್ಪನ್ನು ಕಂಡುಹಿಡಿದು ತಾನೇ ಸರಿಪಡಿಸಿಕೊಳ್ಳುತ್ತದೆ, ಗಡಿಯಾರದಿಂದ ಹಿಡಿದು ತೋಟದ ಮೋಟಾರಿನವರೆಗೆ ಎಲ್ಲವೂ ಒಂದಕ್ಕೊಂದು ಮಾತಾಡುತ್ತವೆ ಎಂದು ಕಂಪನಿಗಳು ಹೇಳುತ್ತಿವೆ. ಕೇಳಿದರೆ ಇದೆಲ್ಲ ನಿನ್ನೆ ಮೊನ್ನೆ ಹುಟ್ಟಿದ ಯೋಚನೆ ಅನ್ನಿಸುತ್ತದೆ. ಆದರೆ ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ, ಸುಮಾರು ಇಪ್ಪತ್ತು ವರ್ಷಗಳ ಹಿಂದೆಯೇ, ಹನ್ನೊಂದು ಪುಟ್ಟ ಪೆಟ್ಟಿಗೆಗಳ ಒಂದು ಜಾಲ ಈ ಪಾಠವನ್ನು ಕಲಿಯಬೇಕಾಯಿತು. ಅದು ಕಲಿಯದೆ ಹೋಗಿದ್ದರೆ ಹಳ್ಳಿಯ ಕಣ್ಣಿನ ರೋಗಿಗಳು ಮತ್ತೆ ಬಸ್ ಹತ್ತಿ ಪಟ್ಟಣಕ್ಕೆ ಹೋಗಬೇಕಿತ್ತು.

ಮೊದಲು ಜಾಗದ ಪರಿಚಯ. ತೇನಿ 1996ರಲ್ಲಿ ಮದುರೈ ಜಿಲ್ಲೆಯಿಂದ ಬೇರೆಯಾದ ಜಿಲ್ಲೆ. ಅದರ ದಕ್ಷಿಣಕ್ಕೆ ಚಾಚಿಕೊಂಡಿರುವುದೇ ಕಂಬಂ ಕಣಿವೆ. ಪಶ್ಚಿಮಕ್ಕೆ ಕೇರಳದ ಇಡುಕ್ಕಿಯ ಬೆಟ್ಟಗಳು, ಪೂರ್ವಕ್ಕೆ ಮೇಘಮಲೈ, ವರುಸನಾಡು ಬೆಟ್ಟಗಳು, ನಡುವೆ ಭತ್ತ, ಬಾಳೆ, ದ್ರಾಕ್ಷಿ ಬೆಳೆಯುವ ಸಮತಟ್ಟಾದ ನೆಲ. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಮುಗಿದ ಮೇಲೆ ಬೆಟ್ಟದ ಆಚೆಯ ನೀರು ಸುರಂಗದ ಮೂಲಕ ಈ ಕಣಿವೆಗೆ ಇಳಿಯಿತು. ಇಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡ ಮನೆಮಾತಿನ ಒಕ್ಕಲಿಗರಿದ್ದಾರೆ, ನೇಯ್ಗೆಯ ದೇವಾಂಗದವರಿದ್ದಾರೆ. ಶಾಲೆ, ಕಚೇರಿ, ಪತ್ರಿಕೆ ಎಲ್ಲ ತಮಿಳು, ಮನೆಯೊಳಗೆ ಮಾತ್ರ ಕನ್ನಡ. ಆದ್ದರಿಂದ ಈ ಕಥೆಯನ್ನು ಪರವೂರಿನ ಕಥೆ ಎಂದು ಓದಬೇಡಿ.

ಈಗ ಆಸ್ಪತ್ರೆಯ ವಿಷಯ. ಡಾ. ಗೋವಿಂದಪ್ಪ ವೆಂಕಟಸ್ವಾಮಿ ಎಂಬ ಕಣ್ಣಿನ ವೈದ್ಯರು ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ 1976ರಲ್ಲಿ ಮದುರೈಯಲ್ಲಿ 11 ಹಾಸಿಗೆಗಳ ಅರವಿಂದ್ ಕಣ್ಣಿನ ಆಸ್ಪತ್ರೆಯನ್ನು ಆರಂಭಿಸಿದರು. ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು. ಅದೇ ಬೆರಳುಗಳಿಂದ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡುವುದನ್ನು ಅವರು ಕಲಿತುಕೊಂಡಿದ್ದರು. ಹಣ ಕೊಡಬಲ್ಲವರಿಂದ ಪಡೆದು, ಕೊಡಲಾರದವರಿಗೆ ಉಚಿತವಾಗಿ ಪೊರೆ ತೆಗೆಯುವುದು ಅಲ್ಲಿನ ಪದ್ಧತಿ. 1980ರ ದಶಕದಲ್ಲಿ ತೇನಿಯಲ್ಲೂ ಒಂದು ಶಾಖೆ ಬಂತು.

ಶಿಬಿರ ಮಾಡಿದರೆ ಜನ ಬರುತ್ತಾರೆ, ಆದರೆ ಶಿಬಿರ ಮುಗಿದ ಮರುದಿನ ಕಣ್ಣು ಕೆಂಪಾದವನು ಏನು ಮಾಡಬೇಕು? ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜ್ ಆಗುತ್ತದೆ, ವಯಸ್ಸಾದವರ ಜೊತೆಗೆ ಹೋಗುವವರ ಕೂಲಿಯೂ ಹೋಗುತ್ತದೆ. ಹಾಗಾಗಿ "ಇನ್ನೊಂದು ವಾರ ನೋಡೋಣ" ಎನ್ನುತ್ತಾ ಕೂರುತ್ತಾರೆ. ಇದಕ್ಕಾಗಿ 2004ರಿಂದ ಅರವಿಂದ್ ಸಂಸ್ಥೆ ಸಣ್ಣ ಊರುಗಳಲ್ಲಿ ದೃಷ್ಟಿ ಕೇಂದ್ರಗಳನ್ನು ತೆರೆಯತೊಡಗಿತು. ಅಲ್ಲಿ ವೈದ್ಯರಿರುವುದಿಲ್ಲ. ಹಳ್ಳಿಯಿಂದಲೇ ಆಯ್ದು ತರಬೇತಿ ಕೊಟ್ಟ ಹೆಣ್ಣುಮಕ್ಕಳು ಕಣ್ಣು ಪರೀಕ್ಷಿಸುತ್ತಾರೆ, ಚಿತ್ರ ತೆಗೆಯುತ್ತಾರೆ. ಆಮೇಲೆ ರೋಗಿ ಅಲ್ಲೇ ಕುರ್ಚಿಯಲ್ಲಿ ಕುಳಿತು ತೇನಿಯಲ್ಲಿರುವ ವೈದ್ಯರೊಂದಿಗೆ ಪರದೆಯ ಮೇಲೆ ಮಾತಾಡುತ್ತಾನೆ. ಈಗ ನಮಗೆ ಇದು ವಿಡಿಯೋ ಕಾಲ್, ದೊಡ್ಡ ಸಂಗತಿಯೇ ಅಲ್ಲ. ಆಗ ಆಂಡಿಪಟ್ಟಿಯಂಥ ಊರಿನಿಂದ ವಿಡಿಯೋ ಕಳಿಸಬಲ್ಲ ತಂತಿ ಇರಲಿಲ್ಲ.

ಇಲ್ಲಿ ಸ್ವಲ್ಪ ಹಿಂದೆ ಹೋಗುತ್ತೇನೆ, ಏಕೆಂದರೆ ನಮ್ಮ ಕರ್ನಾಟಕಕ್ಕೂ ಇದರಲ್ಲಿ ಪಾಲಿದೆ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಗ್ರಾಮಗಳಿಗಾಗಿ 128 ಪೋರ್ಟುಗಳ ದೂರವಾಣಿ ವಿನಿಮಯ ಕೇಂದ್ರವೊಂದನ್ನು ರೂಪಿಸಿತು. ಮೊದಲನೆಯದನ್ನು 1986ರಲ್ಲಿ ಚೆನ್ನಮ್ಮನ ಕಿತ್ತೂರಿನಲ್ಲಿ ಸ್ಥಾಪಿಸಿದರು. ಆ ಕಾಲದ ವಿದೇಶಿ ವಿನಿಮಯ ಕೇಂದ್ರಗಳಿಗೆ ಏರ್ ಕಂಡೀಷನ್ ಕೋಣೆ ಬೇಕು, ಪಕ್ಕದಲ್ಲಿ ಎಂಜಿನಿಯರ್ ಬೇಕು. ಕಿತ್ತೂರಿನ ಪೆಟ್ಟಿಗೆಗೆ ಏರ್ ಕಂಡೀಷನ್ ಬೇಕಿರಲಿಲ್ಲ, ಧೂಳು ಮತ್ತು ಸೆಕೆಯಲ್ಲೇ ಅದು ನಡೆಯುವಂತಿತ್ತು. ಹಳ್ಳಿಯಲ್ಲಿ ಯಂತ್ರ ಬದುಕಬೇಕಾದರೆ ತನ್ನ ಪಾಡು ತಾನು ನೋಡಿಕೊಳ್ಳಬೇಕು ಎಂಬುದು ಅಲ್ಲಿಯೇ ಗೊತ್ತಾಗಿತ್ತು. ತೇನಿಯಲ್ಲಿ ಅದೇ ಪ್ರಶ್ನೆ ಮತ್ತೆ ಎದುರಾಯಿತು, ಈ ಬಾರಿ ತಂತಿಯೇ ಇಲ್ಲದೆ.

ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎರಿಕ್ ಬ್ರೂವರ್ ಅವರ ತಂಡವು ಇಂಟೆಲ್ ಸಂಶೋಧಕರ ಜೊತೆಗೂಡಿ ಒಂದು ಸರಳ ಉಪಾಯ ಸೂಚಿಸಿತು: ಮನೆಯಲ್ಲಿ ಬಳಸುವ ಅಗ್ಗದ ವೈಫೈ ಕಾರ್ಡಿಗೆ ಬುಟ್ಟಿಯಂಥ ದೊಡ್ಡ ಆಂಟೆನಾ ಜೋಡಿಸಿ, ಒಂದು ಗೋಪುರದಿಂದ ಇನ್ನೊಂದಕ್ಕೆ ನೇರವಾಗಿ ಗುರಿಯಿಡುವುದು. ಕಾಲವೂ ಕೂಡಿಬಂತು. 2005ರ ಜನವರಿಯಲ್ಲಿ ಭಾರತ ಸರ್ಕಾರ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಪರವಾನಗಿಯಿಲ್ಲದೆ ಬಳಸಲು ಬಿಟ್ಟುಕೊಟ್ಟಿತು. ಕಣಿವೆಯ ಸಮತಟ್ಟು ನೆಲವೂ ಅನುಕೂಲವೇ, ಏಕೆಂದರೆ ಈ ತರಂಗಕ್ಕೆ ಎದುರಿನ ಗೋಪುರ ಕಣ್ಣಿಗೆ ಕಾಣಬೇಕು, ನಡುವೆ ಗುಡ್ಡ ಅಡ್ಡ ಬರಬಾರದು.

ಆದರೆ ವೈಫೈಯನ್ನು ಮಾಡಿದ್ದು ಒಂದು ಮನೆಯ ಮಟ್ಟಕ್ಕೆ. ಬಿಎಸ್‌ಸಿಯಲ್ಲಿ ಬೆಳಕಿನ ವೇಗದ ಲೆಕ್ಕ ಮಾಡಿದವರು ಇದನ್ನು ಬೆರಳಲ್ಲೇ ಎಣಿಸಬಹುದು. ರೇಡಿಯೋ ಅಲೆ ಒಂದು ಕಿಲೋಮೀಟರ್ ಹೋಗಲು ಸುಮಾರು 3.3 ಮೈಕ್ರೋಸೆಕೆಂಡ್ ಬೇಕು. 15 ಕಿಲೋಮೀಟರ್ ಹೋಗಿ ಬರಲು 100 ಮೈಕ್ರೋಸೆಕೆಂಡ್. ವೈಫೈಯಲ್ಲಿ ಪ್ರತಿ ಪ್ಯಾಕೆಟ್‌ಗೂ "ತಲುಪಿತು" ಎಂಬ ಉತ್ತರ ಬರಬೇಕು. ಮನೆಯೊಳಗಿನ ದೂರಕ್ಕೆ ಒಗ್ಗಿದ ಕಾರ್ಡು ಅಷ್ಟು ಹೊತ್ತು ಕಾಯುವುದಿಲ್ಲ. ಉತ್ತರ ದಾರಿಯಲ್ಲಿರುವಾಗಲೇ "ಕಳೆದುಹೋಯಿತು" ಎಂದುಕೊಂಡು ಮತ್ತೆ ಕಳಿಸುತ್ತದೆ. ಇನ್ನೊಂದು ತೊಡಕು: ಮಾತಾಡುವ ಮುನ್ನ ಬೇರೆ ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ವೈಫೈ ಕಿವಿಗೊಟ್ಟು ಕೇಳುತ್ತದೆ. ಅಷ್ಟು ದೂರದಲ್ಲಿ ಆ ಕೇಳುವಿಕೆ ಕೆಲಸಕ್ಕೆ ಬರುವುದಿಲ್ಲ. ಒಂದೇ ಗೋಪುರದ ಮೇಲೆ ಎರಡು ದಿಕ್ಕಿಗೆ ಎರಡು ಆಂಟೆನಾ ಇದ್ದರಂತೂ ಒಂದರ ಮಾತು ಇನ್ನೊಂದರ ಕಿವಿಯನ್ನು ಕಿವುಡಾಗಿಸುತ್ತದೆ.

ರಾಬಿನ್ ಪಾತ್ರ, ಸೆರ್ಜಿಯು ನೆಡೆವ್ಸ್ಕಿ, ಸೋನೇಶ್ ಸುರಾನಾ, ಲಕ್ಷ್ಮೀನಾರಾಯಣನ್ ಸುಬ್ರಮಣಿಯನ್ ಮುಂತಾದವರು 2007ರಲ್ಲಿ ಇದಕ್ಕೆ ವೈಲ್ಡ್‌ನೆಟ್ ಎಂಬ ಪರಿಹಾರ ಪ್ರಕಟಿಸಿದರು. ಗೋಪುರದ ಎಲ್ಲ ಆಂಟೆನಾಗಳೂ ಒಟ್ಟಿಗೆ ಮಾತಾಡಬೇಕು, ಆಮೇಲೆ ಒಟ್ಟಿಗೆ ಕೇಳಬೇಕು. ಒಂದೊಂದು ಪ್ಯಾಕೆಟ್‌ಗೂ ಉತ್ತರ ಬೇಡ, ಒಂದು ಗುಂಪಿಗೆ ಒಂದು ಉತ್ತರ ಸಾಕು. ಇಷ್ಟು ಬದಲಾವಣೆಗೆ ವೇಗ 2ರಿಂದ 5 ಪಟ್ಟು ಹೆಚ್ಚಿತು. ಇದೇ ತಂತ್ರ ಬಳಸಿ ವೆನೆಜುವೆಲಾದ ಪರ್ವತಗಳ ನಡುವೆ 382 ಕಿಲೋಮೀಟರ್ ದೂರಕ್ಕೂ ವೈಫೈ ಕಳಿಸಿದ್ದಾರೆ!

ತೇನಿ ಜಾಲ ಅಷ್ಟು ದೊಡ್ಡದಲ್ಲ. ಆಸ್ಪತ್ರೆಯಿಂದ ಬೋಡಿ, ಚಿನ್ನಮನೂರು, ಪೆರಿಯಕುಳಂ, ಆಂಡಿಪಟ್ಟಿ, ಅಂಬಾಸಮುದ್ರಂ ಎಂಬ ಐದು ದೃಷ್ಟಿ ಕೇಂದ್ರಗಳಿಗೆ 9 ಕೊಂಡಿಗಳು, 11 ರೂಟರುಗಳು. ಅತಿ ಉದ್ದದ ಕೊಂಡಿ 15 ಕಿಲೋಮೀಟರ್. ಆರು ರೂಟರುಗಳಿಗೆ ಗೋಪುರ ಕಟ್ಟಿದರು. ಉಳಿದವನ್ನು ಮಾಳಿಗೆಯ ಮೇಲೆ, ಇಲ್ಲವೇ ಸಿಕ್ಕ ಎತ್ತರದ ಮೇಲೆ ಇಟ್ಟರು. ಒಂದು ರೂಟರು ಜವಳಿ ಕಾರ್ಖಾನೆಯೊಂದರ ಚಿಮಣಿಯನ್ನು ಏರಿತ್ತು, ನನಗಂತೂ ಈ ಕಥೆಯಲ್ಲಿ ಬಹಳ ಇಷ್ಟವಾದ ವಿವರ ಇದೇ. ಒಳ್ಳೆಯ ವಿಡಿಯೋ ಮಾತುಕತೆಗೆ ಸೆಕೆಂಡಿಗೆ 256 ಕಿಲೋಬಿಟ್ ಸಾಕಿತ್ತು, ಇವರಿಗೆ 5ರಿಂದ 7 ಮೆಗಾಬಿಟ್ ಸಿಗುತ್ತಿತ್ತು. ತಿಂಗಳಿಗೆ ಸಾವಿರಾರು ಜನ ತಮ್ಮ ಊರಿನಲ್ಲೇ ಕುಳಿತು ವೈದ್ಯರಿಗೆ ಕಣ್ಣು ತೋರಿಸಿದರು.

ಇಷ್ಟಕ್ಕೇ ನಿಂತಿದ್ದರೆ ಇದು ಒಂದು ಒಳ್ಳೆಯ ಪ್ರಯೋಗ ಎನ್ನಿಸಿಕೊಂಡು ಮುಗಿಯುತ್ತಿತ್ತು. ಪ್ರಯೋಗಗಳು ನಮ್ಮ ದೇಶದಲ್ಲಿ ಬೇಕಾದಷ್ಟು ಆಗಿವೆ. ಉದ್ಘಾಟನೆ, ಫೋಟೋ, ಒಂದು ವರ್ಷದ ನಂತರ ತುಕ್ಕು. ಈ ತಂಡ 2008ರಲ್ಲಿ ಬರೆದ ಎರಡನೆಯ ಪ್ರಬಂಧ ವೇಗದ ಬಗ್ಗೆ ಅಲ್ಲವೇ ಅಲ್ಲ, ಜಾಲವನ್ನು ಜೀವಂತ ಇಡುವುದು ಹೇಗೆ ಎಂಬುದರ ಬಗ್ಗೆ. ಅದರಲ್ಲಿನ ದೊಡ್ಡ ಖಳನಾಯಕ ನಮಗೆಲ್ಲ ಚೆನ್ನಾಗಿ ಗೊತ್ತಿರುವವನೇ: ಕರೆಂಟು.

ದಕ್ಷಿಣ ಭಾರತದ ಒಂದು ಹಳ್ಳಿಯಲ್ಲಿ ಆರು ವಾರ ಅವರು ವಿದ್ಯುತ್ತನ್ನು ಅಳೆದು ನೋಡಿದರು. 230 ವೋಲ್ಟ್ ಇರಬೇಕಾದಲ್ಲಿ ಕ್ಷಣಮಾತ್ರಕ್ಕೆ 500 ವೋಲ್ಟ್ ದಾಟುವ ಹೊಡೆತಗಳು ಎಷ್ಟೋ ಬಂದವು, ಕೆಲವು 1,000 ವೋಲ್ಟ್ ಮುಟ್ಟಿದವು. ಇನ್ನು ಕೆಲವೊಮ್ಮೆ ಬಹಳ ಹೊತ್ತು 70 ವೋಲ್ಟ್‌ಗಿಂತ ಕೆಳಗೆ. ಹೊಡೆತಕ್ಕಿಂತ ಈ ಅರೆಜೀವದ ಕರೆಂಟೇ ಮೋಸದ್ದು. ಪೂರ್ತಿ ಹೋದರೆ ರೂಟರ್ ಆರುತ್ತದೆ, ಬಂದಾಗ ಹೊತ್ತಿಕೊಳ್ಳುತ್ತದೆ. ಬ್ಯಾಟರಿ ಇಳಿಯುತ್ತಾ ವೋಲ್ಟೇಜ್ ಕುಸಿದರೆ ರೂಟರ್ ಅತ್ತ ಸಾಯದೆ ಇತ್ತ ಬದುಕದೆ ಸಿಕ್ಕಿಹಾಕಿಕೊಳ್ಳುತ್ತದೆ, ಒಳಗಿನ ಮೆಮೊರಿ ಕಾರ್ಡ್ ಕೆಡುತ್ತದೆ. ಕಡಿಮೆ ವೋಲ್ಟೇಜಿನಲ್ಲಿ ಸಂಪರ್ಕ ಕಡಿಯುವ ಸಾಧನ ಅಂಗಡಿಯಲ್ಲಿ ಸಿಗುತ್ತಿತ್ತು. ಆದರೆ ಅದು ಗಡಿಯ ಹತ್ತಿರ ಬಂದಾಗ ಆನ್, ಆಫ್, ಆನ್, ಆಫ್ ಎಂದು ತೂಗಾಡುತ್ತಿತ್ತು. ಕಡೆಗೆ ಅವರೇ ಒಂದು ಸರ್ಕ್ಯೂಟ್ ಮಾಡಿದರು: ಒಮ್ಮೆ ಕಡಿದರೆ, ಬ್ಯಾಟರಿ ಸಾಕಷ್ಟು ತುಂಬುವವರೆಗೆ ಮತ್ತೆ ಜೋಡಿಸುವುದಿಲ್ಲ. ಕಡಿಮೆ ಬೆಲೆಯ ಈ ಬಿಡಿಭಾಗ ಆ ಚತುರ ಪ್ರೋಟೋಕಾಲ್‌ಗಿಂತ ಹೆಚ್ಚು ರೋಗಿಗಳಿಗೆ ನೆರವಾಗಿರಬೇಕು ಎಂದು ನನ್ನ ಅಂದಾಜು.

ಇದರ ಜೊತೆಗೆ ಸಣ್ಣ ಸಣ್ಣ ಏರ್ಪಾಡುಗಳು. ಮುಖ್ಯ ತಂತ್ರಾಂಶ ಇರುವ ಭಾಗವನ್ನು ಓದಲು ಮಾತ್ರ ಬರುವಂತೆ ಬೀಗ ಹಾಕಿದರು, ಕರೆಂಟು ಹೋದರೂ ಅದು ಕೆಡದಿರಲಿ ಎಂದು. ರೂಟರಿನೊಳಗೆ ಒಂದು ಕಾವಲು ಗಡಿಯಾರ. ತಂತ್ರಾಂಶ ಆಗಾಗ "ನಾನಿದ್ದೇನೆ" ಎಂದು ಅದಕ್ಕೆ ಹೇಳುತ್ತಿರಬೇಕು, ಸುಮ್ಮನಾದರೆ ಅದು ಇಡೀ ಪೆಟ್ಟಿಗೆಯನ್ನು ಆರಿಸಿ ಹೊತ್ತಿಸುತ್ತದೆ. ಇನ್ನೊಂದು ಏರ್ಪಾಡಿಗೆ ಅವರು "ಫೋನ್‌ಹೋಮ್" ಎಂದು ಹೆಸರಿಟ್ಟರು. ಹೊರಗಿನಿಂದ ಯಾರೂ ಸಲೀಸಾಗಿ ಈ ಜಾಲದೊಳಗೆ ಬರುವಂತಿರಲಿಲ್ಲ. ಆದ್ದರಿಂದ ರೂಟರುಗಳೇ ಮೂರು ಗಂಟೆಗೊಮ್ಮೆ ತಮ್ಮ ಸ್ಥಿತಿಗತಿಯನ್ನು ಬರ್ಕ್ಲಿಗೆ ವರದಿ ಮಾಡುತ್ತಿದ್ದವು. ದೂರದೂರಿಗೆ ಓದಲು ಹೋದ ಮಗ ದಿನಾ ರಾತ್ರಿ ಅಮ್ಮನಿಗೆ ಫೋನ್ ಮಾಡಿದ ಹಾಗೆ. ಕರೆ ಬರದೆ ಹೋದರೆ ಏನೋ ಆಗಿದೆ ಎಂದು ಅರ್ಥ.

ಈ ಕಷ್ಟಕ್ಕೆಲ್ಲ ಇನ್ನೊಂದು ಕಾರಣವೂ ಇತ್ತು, ನಮ್ಮ ವಯಸ್ಸಿನವರು ಇದನ್ನು ಗಮನವಿಟ್ಟು ಓದಬೇಕು. ಸ್ಥಳೀಯ ಹುಡುಗರಿಗೆ ಜಾಲದ ಕೆಲಸ ಕಲಿಸಿದರೆ, ಕಲಿತವರಿಗೆ ಪಟ್ಟಣದಲ್ಲಿ ಒಳ್ಳೆಯ ಸಂಬಳದ ಕೆಲಸ ಸಿಗುತ್ತದೆ, ಅವರು ಹೊರಟುಬಿಡುತ್ತಾರೆ. ಅದು ಅವರ ತಪ್ಪಲ್ಲ. ಕಲಿತವರು ಊರಲ್ಲಿ ಉಳಿಯುವುದಿಲ್ಲ ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಜಾಲವನ್ನು ಕಟ್ಟಬೇಕಾಯಿತು. ಹಾಗೆಂದು ಮನುಷ್ಯರೇ ಬೇಡವಾಗಲಿಲ್ಲ. ಗೋಪುರ ಹತ್ತಿ ಆಂಟೆನಾ ತಿರುಗಿಸುವವರು ಬೇಕೇ ಬೇಕು. "ತಾನೇ ನಡೆಯುವ ಜಾಲ" ಎಂಬ ಮಾತಿನ ಹಿಂದೆ ಯಾವಾಗಲೂ ಸ್ಕ್ರೂಡ್ರೈವರ್ ಹಿಡಿದ ಒಬ್ಬರಿರುತ್ತಾರೆ.

ಇದೇ 2008ರ ಕೊನೆಯಲ್ಲಿ ಮೊಬೈಲ್ ಜಾಲಗಳ ಜಾಗತಿಕ ಮಾನಕ ರೂಪಿಸುವ 3ಜಿಪಿಪಿ ಕೂಟ 4ಜಿಯ ಮೊದಲ ಆವೃತ್ತಿಯನ್ನು ಅಂತಿಮಗೊಳಿಸಿತು. ಜಾಲ ತನ್ನನ್ನು ತಾನೇ ಹೊಂದಿಸಿಕೊಳ್ಳುವ ನಿಯಮಗಳು ಅದರಲ್ಲಿ ಮೊದಲ ಬಾರಿ ಬಂದವು. ಹಿಂದೆ ಪ್ರತಿ ಟವರಿಗೂ ಅದರ ನೆರೆಯ ಟವರುಗಳ ಪಟ್ಟಿಯನ್ನು ಎಂಜಿನಿಯರರು ಕೈಯಾರೆ ತುಂಬಬೇಕಿತ್ತು. ಪಟ್ಟಿಯಲ್ಲಿಲ್ಲದ ಟವರಿನತ್ತ ಬಸ್ಸು ಹೋದರೆ ಕರೆ ಕಡಿದುಹೋಗುತ್ತಿತ್ತು. 4ಜಿಯಲ್ಲಿ ಆ ಕೆಲಸಕ್ಕೆ ನಮ್ಮ ಫೋನೇ ಒದಗುತ್ತದೆ. ನೀವು ಕಂಬಂನಿಂದ ಕುಮುಳಿ ಘಾಟಿ ಹತ್ತುವಾಗ, ತಿರುವಿನಲ್ಲಿ ನಿಮ್ಮ ಫೋನಿಗೆ ಅಪರಿಚಿತ ಟವರೊಂದರ ದನಿ ಕೇಳಿಸುತ್ತದೆ ಎನ್ನೋಣ. ಅದು ತನ್ನ ಟವರಿಗೆ ಸುದ್ದಿ ಮುಟ್ಟಿಸುತ್ತದೆ, "ಅದರ ಪೂರ್ತಿ ಗುರುತು ಓದಿ ಹೇಳು" ಎಂದು ಟವರ್ ಕೇಳುತ್ತದೆ, ಫೋನ್ ಓದಿ ಹೇಳುತ್ತದೆ. ಎರಡೂ ಟವರುಗಳು ಪರಿಚಯ ಮಾಡಿಕೊಳ್ಳುತ್ತವೆ. ನಿಮ್ಮ ಹಿಂದೆ ಬರುವ ಬಸ್ಸಿನವರ ಕರೆ ಆ ತಿರುವಿನಲ್ಲಿ ಕಡಿಯುವುದಿಲ್ಲ.

ಊರೂರಿಗೆ ಬ್ರಾಡ್‌ಬ್ಯಾಂಡ್, ಆಮೇಲೆ ಮೊಬೈಲ್ ಡೇಟಾ ಬಂದ ಮೇಲೆ ವೈಫೈ ಗೋಪುರಗಳ ಅಗತ್ಯ ಕಡಿಮೆಯಾಯಿತು. ಡಾ. ವೆಂಕಟಸ್ವಾಮಿ 2006ರ ಜುಲೈಯಲ್ಲಿ ತೀರಿಕೊಂಡರು. ಅರವಿಂದ್ ಸಂಸ್ಥೆಯ ದೃಷ್ಟಿ ಕೇಂದ್ರಗಳು ಇವತ್ತು ನೂರನ್ನು ದಾಟಿವೆ. ಅಲ್ಲಿ ಈಗಲೂ ತರಬೇತಿ ಪಡೆದ ಹಳ್ಳಿಯ ಹೆಣ್ಣುಮಗಳೇ ಮೊದಲು ಕಣ್ಣು ನೋಡುವುದು, ಆಮೇಲೆ ಪರದೆಯಲ್ಲಿ ವೈದ್ಯರು.