ಗ್ಯಾಲರಿಯಲ್ಲಿ ಎದ್ದು ನಿಂತವರು

ಹಾರ್ಪರ್ ಲೀಯ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯನ್ನು ನಾನು ಮೊದಲು ಓದಿದ್ದು ಎಂ.ಎ. ಮಾಡುವಾಗ, ಹಾಸ್ಟೆಲಿನಲ್ಲಿ. ಒಂದೇ ರಾತ್ರಿಗೆ ಮುಗಿಸಿದೆ, ಅತ್ತೆ ಕೂಡ. ಈಗ ಅದನ್ನೇ ಪಾಠ ಮಾಡುವ ಸರದಿ. ಕೋರ್ಟಿನ ದೃಶ್ಯ ಬಂದಾಗ ಮಾತ್ರ ನಾಲಿಗೆ ತೊಡರುತ್ತದೆ. ಅತ್ಯಾಚಾರದ ಸುಳ್ಳು ಆರೋಪ ಹೊತ್ತ ಟಾಮ್ ರಾಬಿನ್‌ಸನ್ ತಪ್ಪಿತಸ್ಥನೆಂದು ಬಿಳಿಯರ ಜ್ಯೂರಿ ಹೇಳಿಯಾಗಿದೆ. ಅವನ ಪರ ವಾದಿಸಿ ಸೋತ ಬಿಳಿಯ ವಕೀಲ ಆಟಿಕಸ್ ಫಿಂಚ್ ಹೊರನಡೆಯುತ್ತಾನೆ. ಗ್ಯಾಲರಿಯಲ್ಲಿದ್ದ ಕಪ್ಪು ಜನ ಅವನಿಗಾಗಿ ಎದ್ದು ನಿಲ್ಲುತ್ತಾರೆ. ತಮ್ಮ ನಡುವೆ ಕೂತಿದ್ದ ಅವನ ಮಗಳು ಸ್ಕೌಟ್‌ಳನ್ನೂ ಏಳಿಸುತ್ತಾರೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಸರ್, ಜೈಲಿಗೆ ಹೋಗ್ತಿರೋನು ಟಾಮು. ಇವರು ಎದ್ದು ನಿಂತಿದ್ದು ಲಾಯರಿಗಾ?”

ಈ ಪ್ರಶ್ನೆಯ ಬೆನ್ನು ಹತ್ತಿ ಚರಿತ್ರೆಗೆ ಹೋಗಬೇಕಾಯಿತು.

ಕಾದಂಬರಿಯ ಕಾಲ 1930ರ ದಶಕ, ಜಾಗ ಅಲಬಾಮಾ. ಅದೇ ರಾಜ್ಯದಲ್ಲಿ 1931ರ ಮಾರ್ಚ್ 25ರಂದು ಒಂಬತ್ತು ಕಪ್ಪು ಹುಡುಗರನ್ನು ಗೂಡ್ಸ್ ರೈಲಿನಿಂದ ಇಳಿಸಿ, ಇಬ್ಬರು ಬಿಳಿಯ ಹೆಂಗಸರ ಮೇಲೆ ಅತ್ಯಾಚಾರ ಮಾಡಿದರೆಂದು ಹಿಡಿದರು. ಏಪ್ರಿಲ್ 9ರ ಹೊತ್ತಿಗೆ ಸ್ಕಾಟ್ಸ್‌ಬರೋದ ಕೋರ್ಟು ಎಂಟು ಜನರಿಗೆ ಮರಣದಂಡನೆ ವಿಧಿಸಿಯಾಗಿತ್ತು. ಆ ಹುಡುಗರನ್ನು ಉಳಿಸಿದ್ದು ಒಬ್ಬ ಸಜ್ಜನ ವಕೀಲನಲ್ಲ. ಕಮ್ಯುನಿಸ್ಟರು ಬೀದಿಗಿಳಿದರು. ಇಬ್ಬರು ಹುಡುಗರ ತಾಯಿ ಏಡಾ ರೈಟ್ 1932ರಲ್ಲಿ ಯುರೋಪಿನ ಊರೂರು ತಿರುಗಿ ಮಾತಾಡಿದಳು. 1933ರಲ್ಲಿ ಆರೋಪ ಮಾಡಿದ್ದವರಲ್ಲೊಬ್ಬಳಾದ ರೂಬಿ ಬೇಟ್ಸ್ ಕೋರ್ಟಿನಲ್ಲೇ ಹಿಂದಿನ ಮಾತು ಸುಳ್ಳೆಂದಳು. ಕಪ್ಪು ಜನರನ್ನು ಜ್ಯೂರಿಯಿಂದ ಹೊರಗಿಡುವುದು ಸಂವಿಧಾನಕ್ಕೆ ವಿರುದ್ಧವೆಂದು 1935ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಈ ಹುಡುಗರಲ್ಲೊಬ್ಬನಾದ ಕ್ಲಾರೆನ್ಸ್ ನಾರಿಸ್‌ನ ಮೊಕದ್ದಮೆಯಲ್ಲೇ. ಕಾದಂಬರಿಯ ಮೇಕೋಂಬ್ ಊರಿನಲ್ಲಿ ಇಂಥ ಗದ್ದಲವೇ ಇಲ್ಲ. ಅಲ್ಲಿ ಕಪ್ಪು ಜನ ಕಾಯುತ್ತಾರೆ, ಆಮೇಲೆ ಎದ್ದು ನಿಲ್ಲುತ್ತಾರೆ.

ಪುಸ್ತಕ ಬಂದ ಗಳಿಗೆಯನ್ನೂ ನೋಡಿ. 1960ರ ಫೆಬ್ರವರಿಯಲ್ಲಿ ಗ್ರೀನ್ಸ್‌ಬರೋದ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗಷ್ಟೇ ಮೀಸಲಾದ ಊಟದ ಕೌಂಟರಿನಲ್ಲಿ ಹೋಗಿ ಕೂತರು, ಏಳಲಿಲ್ಲ. ಕಾದಂಬರಿ ಬಂದಿದ್ದು ಜುಲೈನಲ್ಲಿ. ಅದಕ್ಕೆ ಪುಲಿಟ್ಜರ್ ಬಂದ 1961ರ ಮೇ ತಿಂಗಳಲ್ಲೇ ಅಲಬಾಮಾದ ಆನಿಸ್ಟನ್ನಿನಲ್ಲಿ ಫ್ರೀಡಂ ರೈಡರ್‌ಗಳ ಬಸ್ಸಿಗೆ ಬೆಂಕಿ ಬಿತ್ತು. ಯಾರಿಗೂ ಕಾಯದ ಈ ಹೊಸ ಹುಡುಗರಿಗೆ ಹೆದರಿದ್ದ ಬಿಳಿಯ ಓದುಗನಿಗೆ ಗ್ಯಾಲರಿಯ ವಿನಯ ಎಂಥ ಸಮಾಧಾನ ಕೊಟ್ಟಿರಬೇಡ! ಇದರ ಆಕರ್ಷಣೆ ಕುಂದದಿರುವುದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ಬೆಳೆಯುವುದು ಸ್ಕೌಟ್. ಹದಿನೇಳು ಗುಂಡು ಬಿದ್ದು ಸಾಯುವ ಟಾಮ್ ಅವಳ ತಿಳಿವಳಿಕೆಗೆ ಒದಗುವ ಪಾಠ.

ಹಾಗಂತ ಪುಸ್ತಕವನ್ನು ಎಸೆಯಲು ನನಗೆ ಮನಸ್ಸಿಲ್ಲ. ಬಿಡುಗಡೆಯಾದ ಗುಲಾಮರು ತಮ್ಮ ಮೊದಲ ದುಡಿಮೆಯಲ್ಲಿ ಕೊಂಡ ಚರ್ಚಿನ ಭಾಗ ಇದೆಯಲ್ಲ, ಅದನ್ನು ಎಷ್ಟು ಸಲ ಓದಿದರೂ ಸಾಲದು. ಹಾಡಿನ ಪುಸ್ತಕವಿಲ್ಲ, ಒಬ್ಬ ಸಾಲು ಹೇಳಿಕೊಟ್ಟರೆ ಉಳಿದವರು ಹಾಡುತ್ತಾರೆ. ಟಾಮ್‌ನ ಹೆಂಡತಿಗೆ ಹತ್ತು ಡಾಲರ್ ಕೂಡುವವರೆಗೆ ಪಾದ್ರಿ ಬಾಗಿಲು ತೆಗೆಯುವುದಿಲ್ಲ. ಫಿಂಚರ ಮನೆಯಲ್ಲಿ ದುಡಿಯುವ ಕಲ್ಪರ್ನಿಯಾ ಇಲ್ಲಿ ಬೇರೆಯೇ ಭಾಷೆ ಆಡುತ್ತಾಳೆ. ಊರಲ್ಲೊಂದು, ಕ್ಲಾಸಲ್ಲೊಂದು ಕನ್ನಡ ಆಡುವ ನನಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಬಿಳಿಯ ಮಕ್ಕಳನ್ನು ಇಲ್ಲಿಗ್ಯಾಕೆ ಕರಕೊಂಡು ಬಂದೆ ಅಂತ ಅವಳನ್ನು ಕೇಳುವವಳು ಲೂಲಾ ಒಬ್ಬಳೇ. ಅವಳು ತಂಟೆಕೋರಳೆಂದು ಕಾದಂಬರಿ ಅವಳವರ ಬಾಯಲ್ಲೇ ಹೇಳಿಸಿ, ಮತ್ತೆಂದೂ ಅವಳ ಕಡೆ ತಿರುಗುವುದಿಲ್ಲ. ನನ್ನ ಹಿಂದಿನ ಬೆಂಚಿನ ಹುಡುಗಿ ಹಿಡಿದದ್ದು ಈ ಲೂಲಾಳನ್ನೇ.

2015ರಲ್ಲಿ ಬಂದ ‘ಗೋ ಸೆಟ್ ಎ ವಾಚ್‌ಮನ್’ ಆಟಿಕಸ್‌ನನ್ನು ಬಿಳಿಯರ ಕೌನ್ಸಿಲ್ ಸಭೆಯಲ್ಲಿ ಕೂರಿಸಿದಾಗ ತುಂಬ ಜನ ಗೋಳಾಡಿದರು. ಲೂಲಾ ಗೋಳಾಡುತ್ತಿರಲಿಲ್ಲ ಬಿಡಿ.

ನಾರಿಸ್ ಪರೋಲ್ ಮುರಿದು ಉತ್ತರಕ್ಕೆ ಓಡಿ, ವರ್ಷಗಟ್ಟಲೆ ತಲೆಮರೆಸಿಕೊಂಡು ಬದುಕಿದ. 1976ರಲ್ಲಿ ಅವನಿಗೆ ಕ್ಷಮಾದಾನ ಕೊಟ್ಟ ಗವರ್ನರ್, ವರ್ಣಭೇದ ಎಂದೆಂದಿಗೂ ಇರಲೆಂದು 1963ರಲ್ಲಿ ಸಾರಿದ್ದ ಅದೇ ಜಾರ್ಜ್ ವ್ಯಾಲೇಸ್. 1979ರಲ್ಲಿ ನಾರಿಸ್‌ನ ಆತ್ಮಕಥೆ ಬಂತು. ಹದಿನೆಂಟರ ಹುಡುಗನೊಬ್ಬ ಅಲಬಾಮಾದ ಜೈಲುಗಳಲ್ಲಿ ಗಂಡಸಾದ ಕಥೆ ಅದು. ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಹುಡುಕಿದೆ. ‘ಮಾಕಿಂಗ್‌ಬರ್ಡ್’ನ ಒಂಬತ್ತು ಪ್ರತಿ ಸಿಕ್ಕವು.