ದಕ್ಷಿಣ ಕನ್ನಡದಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ತೂಕ ನಿಯಂತ್ರಣ

ಔಷಧವನ್ನು ಅವಲಂಬಿಸದೆ ಆಹಾರ, ಉಪವಾಸ, ನೀರು, ಮಣ್ಣು, ಬಿಸಿಲು, ಅಂಗಮರ್ದನ, ಯೋಗಾಸನಗಳಿಂದ ದೇಹವನ್ನು ಸುಸ್ಥಿತಿಗೆ ತರಲು ಯತ್ನಿಸುವ ಪದ್ಧತಿಗೆ ಪ್ರಕೃತಿ ಚಿಕಿತ್ಸೆ ಎಂದು ಹೆಸರು. ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ಮತ್ತು ಮೂಡುಬಿದಿರೆ ಪರಿಸರ ಈ ಪದ್ಧತಿಯ ಚಿಕಿತ್ಸೆಗೂ ಶಿಕ್ಷಣಕ್ಕೂ ಕರ್ನಾಟಕದ ಮುಖ್ಯ ನೆಲೆಗಳಲ್ಲಿ ಒಂದು. ತೂಕ ಇಳಿಸುವುದು ಇಲ್ಲಿ ಆಸ್ಪತ್ರೆಯ ವಿಷಯವಾದದ್ದು ಬಹುಮಟ್ಟಿಗೆ ಈ ಪದ್ಧತಿಯ ಮೂಲಕ. ಆ ಬೆಳವಣಿಗೆ ಸುಮಾರು ನಾಲ್ಕು ದಶಕಗಳಷ್ಟು ಈಚಿನದು.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಬಹುಭಾಗ ತುಳುನಾಡಿನ ಹಳ್ಳಿಗಳಲ್ಲಿ ಹೆಚ್ಚಿನವರ ಚಿಂತೆ ಹಸಿವಿನದ್ದೇ ಹೊರತು ಬೊಜ್ಜಿನದ್ದಲ್ಲ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಇಲ್ಲವೇ ಚಟ್ನಿ, ಸಿಕ್ಕಿದ ದಿನ ಮೀನು, ಆಗೀಗ ಹುರುಳಿ ಸಾರು ದುಡಿಯುವವರ ಊಟವಾಗಿತ್ತು. ಮಳೆಗಾಲದ ಆಟಿ ತಿಂಗಳಲ್ಲಿ ದವಸ ತೀರುತ್ತಿದ್ದುದರಿಂದ ಕೆಸು, ತಜಂಕು, ಕಣಿಲೆ, ಹಲಸಿನ ಬೀಜಗಳೇ ಆಧಾರ. ಗಂಜಿಯಲ್ಲಿ ಅನ್ನದ ಪ್ರಮಾಣವೇನೂ ಕಡಿಮೆ ಇರಲಿಲ್ಲ. ಆದರೆ ಉಳುಮೆ, ನೇಜಿ ನೆಡುವುದು, ಸೊಪ್ಪು ಹೊರುವುದು, ನೀರೆತ್ತುವುದು, ಭತ್ತ ಕುಟ್ಟುವುದು ಇವೆಲ್ಲ ಸೇರಿ ತಿಂದದ್ದನ್ನು ಕರಗಿಸುತ್ತಿದ್ದವು.

ಉಪವಾಸವೂ ಹೊಸದಾಗಿರಲಿಲ್ಲ. ಮೂಡುಬಿದಿರೆಯ ಜೈನರು ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ನಿಯಮವನ್ನೂ ಅಷ್ಟಮಿ, ಚತುರ್ದಶಿಗಳ ವ್ರತವನ್ನೂ ಪಾಲಿಸುತ್ತ ಬಂದವರು. ಮಾಧ್ವರಿಗೆ ಏಕಾದಶಿ, ಬ್ಯಾರಿಗಳಿಗೆ ರಂಜಾನ್, ಕ್ರೈಸ್ತರಿಗೆ ತಪಸ್ಸು ಕಾಲ ಇದ್ದವು. ಇವುಗಳ ಉದ್ದೇಶ ಧಾರ್ಮಿಕ ಸಂಯಮವಾಗಿತ್ತು, ತೂಕ ಇಳಿಸುವುದಲ್ಲ. ಆದರೂ ಮುಂದೆ ಪ್ರಕೃತಿ ಚಿಕಿತ್ಸಕರು ಉಪವಾಸವನ್ನು ಸೂಚಿಸಿದಾಗ ಜನರಿಗೆ ಅದು ಅಪರಿಚಿತವೆನಿಸಲಿಲ್ಲ.

1974ರ ಭೂಸುಧಾರಣೆಯ ನಂತರ ಗೇಣಿದಾರರು ಭೂಮಾಲೀಕರಾದರು. ಮುಂದಿನ ದಶಕಗಳಲ್ಲಿ ಹಲವೆಡೆ ಗದ್ದೆಗಳು ಅಡಿಕೆ ತೋಟ, ರಬ್ಬರ್ ತೋಟಗಳಾದವು. ಪಂಪು, ಟಿಲ್ಲರ್, ಅಕ್ಕಿ ಗಿರಣಿ, ಮಿಕ್ಸಿ, ಬೈಕುಗಳು ಮೈದುಡಿಮೆಯನ್ನು ತಗ್ಗಿಸಿದವು. ಬ್ಯಾಂಕ್ ಉದ್ಯೋಗ, ಮುಂಬಯಿ ಹೋಟೆಲು, ಕೊಲ್ಲಿ ದೇಶಗಳ ಸಂಪಾದನೆಯಿಂದ ಬಡಿಸುವ ಪದಾರ್ಥಗಳ ಸಂಖ್ಯೆ ಹೆಚ್ಚಿತು. ಅನ್ನದ ಪಾಲು ಮಾತ್ರ ಹಿಂದಿನಷ್ಟೇ ಉಳಿಯಿತು.

ಹಳೆಯ ದುಡಿಮೆಯ ದೇಹ ಎಷ್ಟು ಕಸುವುಳ್ಳದ್ದೆಂಬುದು 2020ರಲ್ಲಿ ದೇಶದ ಗಮನಕ್ಕೆ ಬಂತು. ಮಿಜಾರು ಅಶ್ವತ್ಥಪುರದ ಕಂಬಳ ಓಟಗಾರ ಶ್ರೀನಿವಾಸ ಗೌಡ ಆ ವರ್ಷದ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ 142.5 ಮೀಟರ್ ಉದ್ದದ ಕರೆಯನ್ನು (ಕೆಸರಿನ ಓಟದ ಕಣವನ್ನು) ಕೋಣಗಳೊಂದಿಗೆ 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಕಟ್ಟಡ ಕೆಲಸ ಅವರ ಜೀವನೋಪಾಯವಾಗಿತ್ತು. ಕೋಣಗಳ ಎಳೆತವೂ ವೇಗಕ್ಕೆ ಸೇರುವುದರಿಂದ ಇದನ್ನು ಅಥ್ಲೆಟಿಕ್ಸ್ ದಾಖಲೆಗಳೊಡನೆ ಹೋಲಿಸುವುದು ಸರಿಯಾಗದು.

ಪದ್ಧತಿಯ ಆಗಮನ

ಆಧುನಿಕ ಪ್ರಕೃತಿ ಚಿಕಿತ್ಸೆಯ ಬೇರು ಮಧ್ಯ ಯುರೋಪಿನಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸೈಲೀಸಿಯಾದ ವಿನ್ಸೆನ್ಜ್ ಪ್ರೀಸ್ನಿಟ್ಜ್ ಮತ್ತು ಬವೇರಿಯಾದ ಪಾದ್ರಿ ಸೆಬಾಸ್ಟಿಯನ್ ಕ್ನೈಪ್ ತಣ್ಣೀರಿನ ಚಿಕಿತ್ಸೆಯನ್ನು ಜನಪ್ರಿಯಗೊಳಿಸಿದರು. ಲೈಪ್‌ಜಿಗ್‌ನ ಲೂಯಿ ಕೂನೆ ಕಟಿಸ್ನಾನ ಮತ್ತು ಹಬೆಸ್ನಾನಗಳಿಗೂ ಅಡಾಲ್ಫ್ ಜಸ್ಟ್ ಮಣ್ಣಿನ ಪ್ರಯೋಗಕ್ಕೂ ಹೆಸರಾದರು. ಕೂನೆಯ ಗ್ರಂಥ 1894ರಲ್ಲೇ ತೆಲುಗಿಗೆ ಬಂದು ದಕ್ಷಿಣ ಭಾರತದಲ್ಲಿ ಓದುಗರನ್ನು ಪಡೆಯಿತು.

ಈ ಪದ್ಧತಿಯನ್ನು ಭಾರತೀಯ ಬದುಕಿಗೆ ಒಗ್ಗಿಸಿದವರು ಗಾಂಧೀಜಿ. ಕೂನೆ ಮತ್ತು ಜಸ್ಟ್‌ರನ್ನು ದಕ್ಷಿಣ ಆಫ್ರಿಕದಲ್ಲಿ ಓದಿದ್ದ ಅವರು ಮಣ್ಣಿನ ಪಟ್ಟಿ, ಕಟಿಸ್ನಾನ, ಮಿತಾಹಾರಗಳನ್ನು ತಮ್ಮ ಮೇಲೂ ಆಶ್ರಮವಾಸಿಗಳ ಮೇಲೂ ಪ್ರಯೋಗಿಸಿದರು. 1942ರಲ್ಲಿ ಆಗಾ ಖಾನ್ ಅರಮನೆಯ ಸೆರೆವಾಸದಲ್ಲಿ ಆರೋಗ್ಯದ ಕುರಿತು ಕಿರುಪುಸ್ತಕ ಬರೆದರು. 1946ರಲ್ಲಿ ಪುಣೆ ಬಳಿಯ ಉರುಳಿ ಕಾಂಚನ್‌ನಲ್ಲಿ ಹಳ್ಳಿಗರಿಗಾಗಿ ಚಿಕಿತ್ಸಾ ಕೇಂದ್ರ ತೆರೆದರು. ಬೇರೊಂದು ದಾರಿಯಲ್ಲಿ, ಲೋಣಾವಳದಲ್ಲಿ 1924ರಲ್ಲಿ ಕೈವಲ್ಯಧಾಮ ಸ್ಥಾಪಿಸಿದ ಸ್ವಾಮಿ ಕುವಲಯಾನಂದರು ಯೋಗಕ್ರಿಯೆಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸತೊಡಗಿದರು. ಕರ್ನಾಟಕದ ಸಂಸ್ಥೆಗಳಲ್ಲಿ ಈ ಎರಡೂ ಧಾರೆಗಳು ಕೂಡಿವೆ. ಬೆಂಗಳೂರಿನಲ್ಲಿ ಸೀತಾರಾಮ್ ಜಿಂದಾಲ್ ಸ್ಥಾಪಿಸಿದ ಪ್ರಕೃತಿ ಚಿಕಿತ್ಸಾ ಸಂಸ್ಥೆ 1979ರಿಂದ ನಡೆಯುತ್ತಿದೆ.

ಶಾಂತಿವನ ಮತ್ತು ಉಜಿರೆ

1968ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿಯಾದ ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ 1980ರ ದಶಕದಲ್ಲಿ ಧರ್ಮಸ್ಥಳದ ಶಾಂತಿವನದಲ್ಲಿ ಯೋಗ ಮತ್ತು ಪ್ರಕೃತಿ ಚಿಕಿತ್ಸಾ ಆಸ್ಪತ್ರೆ ಆರಂಭವಾಯಿತು. 1989ರಲ್ಲಿ ಉಜಿರೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನಗಳ ಕಾಲೇಜು ತೆರೆಯಿತು. ಅಲ್ಲಿಯವರೆಗೆ ಬಹುತೇಕ ಆಶ್ರಮಗಳಲ್ಲೂ ಹವ್ಯಾಸಿಗಳ ಕೈಯಲ್ಲೂ ಇದ್ದ ಪದ್ಧತಿಗೆ ಶರೀರರಚನೆ, ಶರೀರಕ್ರಿಯೆ, ರೋಗನಿದಾನಗಳನ್ನು ಒಳಗೊಂಡ ಐದೂವರೆ ವರ್ಷಗಳ ಪದವಿಯ ಚೌಕಟ್ಟು ದೊರೆಯಿತು. ಇದೇ ಧರ್ಮಸ್ಥಳ ಬಳಗದ ಇನ್ನೊಂದು ಪ್ರಕೃತಿ ಚಿಕಿತ್ಸಾಲಯ ಸೌಖ್ಯವನ ಉಡುಪಿ ಜಿಲ್ಲೆಯ ಪರೀಕದಲ್ಲಿದೆ. ಮತ್ತೊಂದು ಚಿಕಿತ್ಸಾಲಯವಾದ ನೆಲಮಂಗಲದ ಕ್ಷೇಮವನ 2022ರಲ್ಲಿ ಉದ್ಘಾಟನೆಗೊಂಡಿತು.

ಮೂಡುಬಿದಿರೆ ಮತ್ತು ಮಿಜಾರು

ಆಯುರ್ವೇದ ವೈದ್ಯ ಡಾ. ಎಂ. ಮೋಹನ ಆಳ್ವರು ಕಟ್ಟಿದ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನದ ಸಂಸ್ಥೆಗಳಲ್ಲಿ ಆಯುರ್ವೇದ ಕಾಲೇಜಿನ ಜೊತೆಗೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ಕಾಲೇಜೂ ಇದೆ. ಮಂಗಳೂರು–ಮೂಡುಬಿದಿರೆ ಹೆದ್ದಾರಿಯಲ್ಲಿರುವ ಮಿಜಾರಿನಲ್ಲಿ ಈ ಪ್ರತಿಷ್ಠಾನದ ಶೋಭಾವನ ಔಷಧೀಯ ಸಸ್ಯಗಳ ತೋಟವಾಗಿ ಹೆಸರಾದದ್ದು.

ವಿಧಾನಗಳು

ತೂಕ ಇಳಿಸಲು ದಾಖಲಾದವರ ದಿನಚರಿ ಸಾಮಾನ್ಯವಾಗಿ ನಸುಕಿನ ಯೋಗಾಭ್ಯಾಸದಿಂದ ಆರಂಭವಾಗುತ್ತದೆ. ಹೊಟ್ಟೆಯ ಮೇಲೆ ಮಣ್ಣಿನ ಪಟ್ಟಿ, ಎನಿಮಾ, ಅಂಗಮರ್ದನ, ಹಬೆಸ್ನಾನ, ಕಟಿಸ್ನಾನ, ಬಾಳೆಎಲೆ ಸ್ನಾನ ಇವೆಲ್ಲ ವೈದ್ಯರ ಸೂಚನೆಯಂತೆ ನಡೆಯುತ್ತವೆ. ಜಲನೇತಿ, ವಮನಧೌತಿಯಂಥ ಯೋಗದ ಶುದ್ಧಿಕ್ರಿಯೆಗಳೂ ಉಂಟು. ಆಹಾರದಲ್ಲಿ ಹಣ್ಣಿನ ರಸ, ಬೂದುಗುಂಬಳದ ರಸ, ಹಸಿ ತರಕಾರಿ, ಬೇಯಿಸಿದ ಪಲ್ಯ, ಮಿತವಾದ ರೊಟ್ಟಿ ಇರುತ್ತವೆ; ಉಪ್ಪು, ಎಣ್ಣೆ, ಸಕ್ಕರೆ ತೀರ ಕಡಿಮೆ.

ಮೊದಲ ದಿನಗಳಲ್ಲಿ ಕಾಣುವ ಇಳಿಕೆಯೆಲ್ಲ ಕೊಬ್ಬಿನದ್ದಲ್ಲ. ಆಹಾರ ತಗ್ಗಿದಾಗ ಯಕೃತ್ತು ಮತ್ತು ಸ್ನಾಯುಗಳಲ್ಲಿ ಸಂಗ್ರಹವಾದ ಗ್ಲೈಕೋಜನ್ ಮೊದಲು ಖರ್ಚಾಗುತ್ತದೆ. ಅದರ ಪ್ರತಿ ಗ್ರಾಮಿನೊಡನೆ ಸುಮಾರು 3 ಗ್ರಾಂ ನೀರೂ ಹೊರಹೋಗುತ್ತದೆ. ಒಂದು ಕಿಲೋ ಕೊಬ್ಬು ಕರಗಲು ಅಂದಾಜು 7,700 ಕಿಲೋಕ್ಯಾಲರಿಗಳ ಕೊರತೆ ಬೇಕು. ಹಬೆಸ್ನಾನದಲ್ಲಿ ಇಳಿದ ತೂಕವಂತೂ ಬೆವರಿನದ್ದು. ನೀರು ಕುಡಿದರೆ ಮರಳುತ್ತದೆ.

ವಿಮರ್ಶೆ

ಯೋಗ, ನಡಿಗೆ, ತರಕಾರಿ ಹೆಚ್ಚಿರುವ ಆಹಾರ, ಸಾಕಷ್ಟು ನಿದ್ದೆ ಇವುಗಳ ಉಪಯೋಗವನ್ನು ಆಧುನಿಕ ವೈದ್ಯಶಾಸ್ತ್ರವೂ ಒಪ್ಪುತ್ತದೆ. ಆದರೆ ‘ದೇಹದ ವಿಷ ಹೊರಹಾಕುವುದು’ ಎಂಬ ವಿವರಣೆಯನ್ನೂ ಎಲ್ಲ ರೋಗಗಳಿಗೂ ಮೂಲ ಒಂದೇ ಎಂಬ ಹಳೆಯ ಸಿದ್ಧಾಂತವನ್ನೂ ವಿಜ್ಞಾನ ಒಪ್ಪಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಮೂತ್ರಪಿಂಡದ ತೊಂದರೆಯಿರುವವರು ವೈದ್ಯರ ನಿಗಾ ಇಲ್ಲದೆ ಉಪವಾಸ ಮಾಡುವುದು ಅಪಾಯಕರ. ದೀರ್ಘ ಉಪವಾಸದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ.

ಇಂದಿನ ಸ್ಥಿತಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ 2015–16 ಮತ್ತು 2019–21ರ ನಡುವೆ ಕರ್ನಾಟಕದಲ್ಲಿ ಅಧಿಕ ತೂಕ ಅಥವಾ ಬೊಜ್ಜು ಇರುವ ಮಹಿಳೆಯರ ಪ್ರಮಾಣ ಸುಮಾರು ಶೇ. 23ರಿಂದ 30ಕ್ಕೂ ಪುರುಷರದ್ದು ಶೇ. 22ರಿಂದ 31ಕ್ಕೂ ಏರಿತು. ಈ ಸಮೀಕ್ಷೆಗಳ ಗಡಿ ದೇಹ ದ್ರವ್ಯರಾಶಿ ಸೂಚ್ಯಂಕ 25. ಭಾರತೀಯರಲ್ಲಿ ಹೊಟ್ಟೆಯ ಸುತ್ತ ಕೊಬ್ಬು ಬೇಗ ಸೇರುವುದರಿಂದ 2009ರಲ್ಲಿ ಪ್ರಕಟವಾದ ತಜ್ಞರ ಒಮ್ಮತವು 23ನ್ನೇ ಎಚ್ಚರಿಕೆಯ ಗಡಿಯಾಗಿಯೂ, ಸೊಂಟದ ಸುತ್ತಳತೆಗೆ ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮಿತಿಯಾಗಿಯೂ ಸೂಚಿಸಿತು.

ಹತ್ತು ದಿನಗಳ ವಾಸ್ತವ್ಯದಲ್ಲಿ ಇಳಿದ ತೂಕ ಹಳೆಯ ದಿನಚರಿಗೆ ಮರಳಿದರೆ ಮತ್ತೆ ಏರುತ್ತದೆ. ಇದನ್ನು ಬಲ್ಲ ವೈದ್ಯರು ಚಿಕಿತ್ಸೆಗಿಂತ ಮನೆಯ ಊಟದ ಕ್ರಮಕ್ಕೆ ಒತ್ತು ಕೊಡುತ್ತಾರೆ. ಅಭ್ಯಾಸ ಬದಲಿಸಲು ನೆರೆಹೊರೆಯ ಬೆಂಬಲ ಹೇಗೆ ನೆರವಾಗಬಲ್ಲದೆಂಬುದಕ್ಕೆ ಬೆಳ್ತಂಗಡಿ ತಾಲ್ಲೂಕಿನಲ್ಲೇ ಬೇರೆ ಕ್ಷೇತ್ರದ ನಿದರ್ಶನವಿದೆ. 1982ರಲ್ಲಿ ಬೆಳ್ತಂಗಡಿಯಲ್ಲಿ ಆರಂಭವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಸರೆಯಲ್ಲಿ ಬೆಳೆದ ಮದ್ಯವರ್ಜನ ಶಿಬಿರಗಳು ಕುಡಿತ ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಸೇರಿಸಿ, ಶಿಬಿರ ಮುಗಿದ ಮೇಲೂ ಒಬ್ಬರಿಗೊಬ್ಬರು ಆಸರೆಯಾಗುವಂತೆ ಮಾಡಿವೆ. ತೂಕ ನಿಯಂತ್ರಣಕ್ಕೂ ಇಂಥ ದೀರ್ಘಕಾಲದ ಅನುಸರಣೆ ಬೇಕು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ತೀವ್ರತೆಯ ವ್ಯಾಯಾಮ. ಗದ್ದೆಯ ಕೆಲಸವಿದ್ದ ಕಾಲದಲ್ಲಿ ಇದನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಬೇಕಾಗಿರಲಿಲ್ಲ; ಈಗ ಅದಕ್ಕೆಂದೇ ಸಮಯ ತೆಗೆದಿಡಬೇಕಾಗಿದೆ.